ಊಟದ ಮೇಲೆ ಮಲಗುವ ನೌಕರಿ

1

ಈ ಕಥೆಯನ್ನು ಎದೆಯಿಂದ ಶುರುಮಾಡಬೇಕೋ ಬೆನ್ನಿನಿಂದಲೋ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಎದೆಯಿಂದ ಶುರುವಾಗುವ ಕಥೆಗಳಿಗೆ ಮರ್ಯಾದೆ ಜಾಸ್ತಿ. ಎದೆ ಎಂದರೆ ಪ್ರೀತಿ, ದುಃಖ, ನೆನಪು, ಇತ್ಯಾದಿ ಇತ್ಯಾದಿ. ಬೆನ್ನಿನಿಂದ ಶುರುಮಾಡಿದರೆ ಓದುಗರು ಯಾವುದೋ ಮುಲಾಮಿನ ಜಾಹೀರಾತು ಎಂದುಕೊಂಡು ಪುಟ ತಿರುಗಿಸುತ್ತಾರೆ. ಹೊಟ್ಟೆಯಿಂದ ಶುರುಮಾಡುವ ಮಾತಂತೂ ಎತ್ತಲೇಬೇಡಿ. ಆದರೆ ನಿಜ ಹೇಳಬೇಕೆಂದರೆ ಇದು ಹೊಟ್ಟೆಯದೇ ಕಥೆ. ತನ್ನ ಪಾಡಿಗೆ ತಾನು ಕೆಳಗೆ ಬಿದ್ದಿರಬೇಕಾದ ಆಸಿಡ್ಡು ಅನ್ನನಾಳ ಹತ್ತಿ ಮೇಲಕ್ಕೆ ಬರುತ್ತದಲ್ಲ, ಆ ಕಾಯಿಲೆಯದು. ಆಸಿಡ್ ರಿಫ್ಲಕ್ಸ್.

(ನೋಡಿ, ಮೊದಲನೇ ಪ್ಯಾರಾದಲ್ಲೇ ಗುಟ್ಟು ಬಿಟ್ಟುಕೊಟ್ಟೆ. ಕಾಯಿಲೆ ಏನೆಂದು ಈಗ ನನಗೆ ಗೊತ್ತು, ನಿಮಗೆ ಗೊತ್ತು, ಕಥಾನಾಯಕನಿಗೆ ಮಾತ್ರ ಗೊತ್ತಿಲ್ಲ. ಪಾಪ, ಅವನಿಗೆ ಎದೆಯುರಿ ಇಲ್ಲ, ಹುಳಿತೇಗೂ ಇಲ್ಲ. ಇದ್ದಿದ್ದರೆ ಪಕ್ಕದ ಮನೆಯವರೇ ಹೇಳಿಬಿಡುತ್ತಿದ್ದರು. ಅವನಿಗಿರುವುದು ಎರಡು ಹೆಗಲಮೂಳೆಗಳ ನಡುವೆ ಒಂದು ನೋವು. ಒಮ್ಮೊಮ್ಮೆ ಅದು ದವಡೆಗೆ ಬರುತ್ತದೆ, ಒಮ್ಮೊಮ್ಮೆ ಎಡಗಿವಿಯೊಳಗೆ ಹೋಗಿ ಕೂರುತ್ತದೆ. ತಪ್ಪು ಮಾಡುವುದು ಹೊಟ್ಟೆ, ಬೈಸಿಕೊಳ್ಳುವುದು ಬೆನ್ನು.)

1 (ಮತ್ತೆ)

‘ಮಧ್ಯಾಹ್ನದ ಬಿಸಿಲಿಗೆ ಬೀದಿ ಮೌನವಾಗಿ ಬಿದ್ದುಕೊಂಡಿತ್ತು’ ಎಂದು ಬರೆದೆ. ಅಳಿಸಿದೆ. ಪೇಟೆಬೀದಿ ಮಧ್ಯಾಹ್ನ ಮೌನವಾಗಿ ಬಿದ್ದುಕೊಂಡಿದ್ದನ್ನು ಈ ಜನ್ಮದಲ್ಲಿ ನಾನು ನೋಡಿಲ್ಲ. ಹೇಳುವುದಕ್ಕೆ ಏನೂ ತೋಚದಿದ್ದಾಗ ಕಥೆಗಾರರು ಬೀದಿಯ ಬಾಯಿ ಮುಚ್ಚಿಸುತ್ತಾರೆ.

ನೆಟ್ಟಗೆ ವಿಷಯಕ್ಕೆ ಬರುತ್ತೇನೆ. ಒಂದು ಪೇಟೆಬೀದಿ, ಅದರಲ್ಲೊಂದು ಹಾಸಿಗೆ ಅಂಗಡಿ. ಎಡಕ್ಕೆ ಬೀಗದ ಕೈ ಮಾಡುವವನು, ಬಲಕ್ಕೆ ಜೆರಾಕ್ಸ್ ಅಂಗಡಿ. ಹಾಸಿಗೆ ಅಂಗಡಿಯ ಮುಂದುಗಡೆ ದೊಡ್ಡದೊಂದು ಗಾಜಿನ ಶೋಕೇಸು. ಬೇರೆಯವರು ಶೋಕೇಸಿನಲ್ಲಿ ಬೊಂಬೆ ನಿಲ್ಲಿಸುತ್ತಾರೆ. ಇಲ್ಲಿ ಒಂದು ಮಂಚ, ಮಂಚದ ಮೇಲೆ ಆ ವಾರ ಮಾರಬೇಕಾದ ಹಾಸಿಗೆ, ಹಾಸಿಗೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ. ದಿನಾ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಷೂ ಬಿಚ್ಚಿಟ್ಟು ಮಂಚ ಹತ್ತುತ್ತಾನೆ. ಬೀದಿಯವರೆಲ್ಲ ನೋಡುತ್ತಿದ್ದಂತೆ ನಿದ್ದೆ ಹೋಗುತ್ತಾನೆ. ಗಾಜಿನ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ: ‘ಇವರು ನಟಿಸುತ್ತಿಲ್ಲ.’

ಬೀದಿಯವರು ಅವನಿಗಿಟ್ಟ ಹೆಸರು ಮಲಗಪ್ಪ.

2

“ಮೇಡಂ, ಒಂದ್ನಿಮಿಷ,” ಎಂದ ಮಲಗಪ್ಪ.

ಕಥೆ ಇನ್ನೂ ಅಂಬೆಗಾಲಿಡುತ್ತಿದೆ, ಆಗಲೇ ಇವನ ತಕರಾರು. ಏನಪ್ಪಾ ಎಂದೆ.

“ಬೊಂಬೆ ಜಾಗದಲ್ಲಿ ಮಲಗಿಸಿಬಿಟ್ರಲ್ಲ ನನ್ನ! ನಾನು ಸೇಲ್ಸ್‌ಮನ್ ಮೇಡಂ. ಸೀನಿಯರ್. ಮಲಗೋದು ಮಧ್ಯಾಹ್ನ ಮಾತ್ರ. ಮಿಕ್ಕ ಹೊತ್ತೆಲ್ಲ ನಿಂತೇ ಇರ್ತೀನಿ, ಅದನ್ನೂ ಬರೀರಿ.”

ಬರೆದೆ. ಇನ್ನೊಂದನ್ನೂ ಬರೆಯಲೇಬೇಕು ಎಂದು ಹಟ ಹಿಡಿದ. ಅವನಿಗಿಂತ ಮೊದಲು ಆ ಮಂಚದ ಮೇಲೆ ಮಲಗಿದ ಹುಡುಗರೆಲ್ಲ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಬೀದಿ ನೋಡುತ್ತಿದ್ದರಂತೆ. ಮಲಗಪ್ಪ ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಲವೂ ಸುಳ್ಳು ನಿದ್ದೆ ಮಾಡಿದವನಲ್ಲ. ನಿದ್ದೆ ಬರದ ದಿನ ಎದ್ದು ಬಂದು, “ಇವತ್ತು ಬರ್ತಿಲ್ಲ, ಕ್ಷಮಿಸಿ” ಎಂದು ಗಿರಾಕಿಗಳಿಗೆ ಹೇಳಿಬಿಡುತ್ತಿದ್ದ. ಹಾಗೆ ಹೇಳಿದ ದಿನಗಳಲ್ಲೂ ಹಾಸಿಗೆ ಮಾರಾಟವಾಗುತ್ತಿತ್ತು ಎನ್ನುವುದು ಅವನ ಹೆಮ್ಮೆ.

ಅವನಿಗೊಂದು ಸಿದ್ಧಾಂತವಿದೆ. ಒಳ್ಳೆಯ ಹಾಸಿಗೆಯ ಮೇಲೆ ಮೈ ಮಟ್ಟಸವಾಗಿರಬೇಕು, ತಲೆ, ಬೆನ್ನು, ಹಿಮ್ಮಡಿ ಎಲ್ಲ ಒಂದೇ ಗೆರೆಯಲ್ಲಿ. ಗಾರೆ ಕೆಲಸದವರು ಗೋಡೆಗಿಟ್ಟು ನೋಡುವ ರಸಮಟ್ಟ ಒಂದನ್ನು ಅಂಗಡಿಯಲ್ಲಿಟ್ಟುಕೊಂಡಿದ್ದಾನೆ. ಗಿರಾಕಿ ಎದುರಿಗೆ ಹಾಸಿಗೆಯ ಮೇಲೆ ಅದನ್ನಿಟ್ಟು ಗಾಳಿಗುಳ್ಳೆ ನಟ್ಟನಡುವೆ ನಿಂತಿದ್ದನ್ನು ತೋರಿಸುತ್ತಾನೆ.

“ದಿಂಬು ಕೇಳ್ತಿದೀರಿ ಅಂದ್ರೆ ಹಾಸಿಗೆ ಎಲ್ಲೋ ಕೈಕೊಟ್ಟಿದೆ ಅಂತ ಅರ್ಥ ಸಾರ್,” ಎನ್ನುತ್ತಾನೆ. ಅದೇ ಅಂಗಡಿಯಲ್ಲಿ ದಿಂಬೂ ಮಾರುತ್ತಾರೆ. ಇವನ ಈ ಮಾತು ಕೇಳಿದಾಗೆಲ್ಲ ಯಜಮಾನರು ಗಲ್ಲಾಪೆಟ್ಟಿಗೆ ಹಿಂದೆ ಕೂತು ಹಲ್ಲು ಕಡಿಯುತ್ತಾರೆ.

3

ನೋವು ಶುರುವಾದದ್ದು ಆ ಮಂಚದ ಮೇಲೇ. ಊಟ ಮಾಡಿ ಮಲಗಿ ಇನ್ನೇನು ಕಣ್ಣು ಹತ್ತಬೇಕು, ಬೆನ್ನಿನ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಒತ್ತುತ್ತಲೇ ಇದ್ದರು. ಎದ್ದು ಕೂತರೆ ಸ್ವಲ್ಪ ಹೊತ್ತಿಗೆ ಕಡಿಮೆ. ಮಲಗಿದರೆ ಮತ್ತೆ ಹಾಜರು.

ನೀವಾಗಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ? ತಿಂದದ್ದು ಸರಿಹೋಗಿಲ್ಲ ಎಂದಿರುತ್ತಿದ್ದಿರಿ. ಹಾಸಿಗೆ ಮಾರಿ ಮಾರಿ ತಲೆಯೊಳಗೂ ಹಾಸಿಗೆಯನ್ನೇ ಹಾಸಿಕೊಂಡಿದ್ದ ಮಲಗಪ್ಪ ಮಾತ್ರ ಹಾಸಿಗೆಯನ್ನು ದೂರಿದ. ಮೆತ್ತಗಾಯಿತೇನೋ ಎಂದು ಶೋಕೇಸಿನ ಹಾಸಿಗೆ ಬದಲಿಸಿ ಗಟ್ಟಿಯದು ಹಾಕಿದ. ನೋವು ಹೆಚ್ಚಾಯಿತು. ಮನೆಯ ಮಂಚದಲ್ಲಿ ಹಾಸಿಗೆಯ ಕೆಳಗೆ ಪ್ಲೈವುಡ್ ತುರುಕಿದ. ಹೆಚ್ಚಾಯಿತು. ಹೆಂಡತಿಯ ಬಲವಂತಕ್ಕೆ ಇಟ್ಟುಕೊಂಡಿದ್ದ ತೆಳ್ಳನೆಯ ದಿಂಬನ್ನೂ ಎತ್ತಿ ಅಟ್ಟಕ್ಕೆಸೆದ. ಕೊನೆಗೆ ಮಂಚವನ್ನೇ ಬಿಟ್ಟು ಹಾಲ್‌ನಲ್ಲಿ ನೆಲದ ಮೇಲೆ ಬರೀ ಚಾಪೆ ಹಾಸಿ, ಸತ್ತವನಂತೆ ಮಟ್ಟಸವಾಗಿ ಮಲಗತೊಡಗಿದ. ಆಸಿಡ್ಡಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಹತ್ತುವುದಕ್ಕೆ ಏರೇ ಇಲ್ಲ. ಸಲೀಸಾಗಿ ಗಂಟಲವರೆಗೆ ವಾಕಿಂಗ್ ಬಂದು ಹೋಗುತ್ತಿತ್ತು.

ಯಾರಿಗೂ ಹೇಳುವ ಹಾಗಿರಲಿಲ್ಲ. ಹಾಸಿಗೆ ಅಂಗಡಿಯ ಸೀನಿಯರ್ ಸೇಲ್ಸ್‌ಮನ್‌ಗೆ ಬೆನ್ನುನೋವು ಎಂದು ಬೀದಿಗೆ ಗೊತ್ತಾದರೆ ಕಥೆ ಮುಗಿಯಿತು. (ನನ್ನ ಕಥೆಯಲ್ಲ, ಅವನದು.) ಯಜಮಾನರು ಅವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ, ಮಲಗುವುದನ್ನು ಬಿಟ್ಟು ಬೇರೆ ಕಸುಬು ಬರದವನಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ?

4

ಇಲ್ಲಿಗೆ ಬಂದಾಗ ನನಗೊಂದು ಅದ್ಭುತ ಐಡಿಯಾ ಹೊಳೆಯಿತು. ಇರುವಂತೆಯೇ ಕೊಡುತ್ತೇನೆ:

‘ಆ ಮಧ್ಯಾಹ್ನ ಮಲಗಪ್ಪ ಎಂದಿಗಿಂತ ಗಾಢವಾಗಿ ಮಲಗಿದ್ದ. ಗಾಜಿನಾಚೆ ಜನ ಸೇರಿದರು. ಅಬ್ಬಾ, ಎಂಥ ನಿದ್ದೆ ಎಂದು ಬೆರಗಾದರು. ಅಂಗಡಿಯಲ್ಲಿ ಆ ದಿನ ಹಿಂದೆಂದೂ ಆಗದಷ್ಟು ವ್ಯಾಪಾರವಾಯಿತು. ಸಂಜೆ ಶಟರ್ ಎಳೆಯುವ ಹೊತ್ತಿಗೆ ಯಜಮಾನರು ಅವನ ಭುಜ ಮುಟ್ಟಿ ಎಬ್ಬಿಸಲು ಹೋದರು. ಭುಜ ತಣ್ಣಗಿತ್ತು.’

ಆಹಾ! ಸಾವು, ಮಾರುಕಟ್ಟೆ, ವ್ಯಂಗ್ಯ, ಮೂರೂ ಒಂದೇ ಹಾಸಿಗೆಯ ಮೇಲೆ. ವಿಮರ್ಶಕರು ಕುಣಿದಾಡುತ್ತಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

“ನಾನು ಸಾಯಲ್ಲ,” ಎಂದ ಮಲಗಪ್ಪ.

“ಸ್ವಲ್ಪ ಅರ್ಥ ಮಾಡ್ಕೊಳಪ್ಪಾ. ಕಥೆಗೆ ತೂಕ ಬರುತ್ತೆ.”

“ತೂಕ ಬೇಕಾದ್ರೆ ನೀವೇ ಸಾಯಿರಿ ಮೇಡಂ. ಮನೇಲಿ ಹೆಂಡ್ತಿ ಇದಾಳೆ ನಂಗೆ. ನಿಮ್ಮ ಹಿಂದಿನ ಕಥೆಗಳನ್ನೂ ವಿಚಾರಿಸ್ದೆ. ಒಬ್ರನ್ನಾದ್ರೂ ಬದುಕೋಕೆ ಬಿಟ್ಟಿದೀರಾ? ಆ ಟೈಲರ್‌ನ ಬಾವಿಗೆ ಹಾಕಿದ್ರಿ. ಆ ಟೀಚರಮ್ಮನ್ನ ಬಸ್ ಕೆಳಗೆ ಹಾಕಿದ್ರಿ. ನಿಮ್ಮ ಕೈಗೆ ಸಿಕ್ಕಿದೀನಿ ಅಂತ ಗೊತ್ತಾದಾಗ್ಲೇ ನನ್ನ ಎದೆ ಧಸಕ್ ಅಂತು.”

ಮಾತು ಚುಚ್ಚಿತು. ಟೈಲರ್‌ನ ಸಾವು ಅನಿವಾರ್ಯವಾಗಿತ್ತು, ಬೇಕಾದರೆ ಇನ್ನೊಮ್ಮೆ ವಾದ ಮಾಡುತ್ತೇನೆ. ಟೀಚರಮ್ಮನ ವಿಷಯದಲ್ಲಿ ಮಾತ್ರ ಸ್ವಲ್ಪ ಅವಸರಪಟ್ಟೆ.

“ಎದೆ ಅಂದ್ಯಲ್ಲ,” ಎಂದೆ ಮಾತು ತಿರುಗಿಸಿ. “ಬೆನ್ನು, ದವಡೆ, ಎಡಗಡೆ ಕಿವಿ. ಹಾರ್ಟ್ ತೋರಿಸ್ಕೊಂಡಿದೀಯಾ?”

ಅವನ ಮುಖ ಬಿಳಿಚಿತು. ತಮಾಷೆ ಅಲ್ಲ ಓದುಗರೇ, ಇಂಥ ನೋವು ಕಂಡಾಗ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಕಥೆ ಏನಾದರೂ ಹಾಳಾಗಲಿ ಎಂದು ಅವನನ್ನು ಹಾರ್ಟಿನ ಡಾಕ್ಟರ ಹತ್ತಿರ ಕಳಿಸಿದೆ.

5

ಹಾರ್ಟಿನ ಡಾಕ್ಟರು ಇಸಿಜಿ ತೆಗೆಸಿದರು. ಓಡುವ ಪಟ್ಟಿಯ ಮೇಲೆ ಓಡಿಸಿದರು. “ನಿಮ್ಮ ಹಾರ್ಟಿಗೇನೂ ಆಗಿಲ್ಲ, ಧೈರ್ಯವಾಗಿ ಮನೆಗೆ ಹೋಗಿ,” ಎಂದರು. ಅಲ್ಲಿಗೆ ನನ್ನ ಅದ್ಭುತ ಐಡಿಯಾ ಎಕ್ಕುಟ್ಟಿಹೋಯಿತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ವಯಸ್ಸು ಕಣ್ರೀ,” ಎಂದರು. ನೋವಿನ ಮಾತ್ರೆ ಬರೆದರು. ಆಮೇಲೆ ಏನು ಹೇಳಿದರು ಗೊತ್ತೇ? ಗಟ್ಟಿ ಹಾಸಿಗೆಯ ಮೇಲೆ ಮಟ್ಟಸವಾಗಿ ಮಲಗಿ, ದಿಂಬು ಬೇಡ ಎಂದರು. ಮಲಗಪ್ಪನಿಗೆ ಆಕಾಶ ಮೂರೇ ಗೇಣು. ಡಾಕ್ಟರೇ ತನ್ನ ಸಿದ್ಧಾಂತಕ್ಕೆ ಸಹಿ ಹಾಕಿಕೊಟ್ಟ ಹಾಗಾಯಿತಲ್ಲ! ಚಾಪೆಯನ್ನೂ ಸುತ್ತಿಟ್ಟು ಬರೀ ನೆಲದ ಮೇಲೆ ಮಲಗಿದ. ನೋವಿನ ಮಾತ್ರೆ ಹೊಟ್ಟೆಗಿಳಿದು, ಮೊದಲೇ ಸಿಟ್ಟಿನಲ್ಲಿದ್ದ ಹೊಟ್ಟೆಯನ್ನು ಇನ್ನಷ್ಟು ರೇಗಿಸಿತು.

(‘ನೀವು ಕಥೆ ಬರೆಯುವವರು, ಕಾಯಿಲೆ ಏನೆಂದು ಗೊತ್ತು, ಹೇಳಬಾರದೇ?’ ಎಂದು ನೀವು ನನ್ನನ್ನು ಬೈಯುತ್ತಿದ್ದೀರಿ. ಹೇಳಿದೆ ಮಾರಾಯ್ರೇ! ‘ಮೇಡಂ, ನಿಮಗೆ ಹಾಸಿಗೆ ಬಗ್ಗೆ ಏನು ಗೊತ್ತು’ ಎಂದುಬಿಟ್ಟ.)

6

ಈಗ ಅವನ ಹೆಂಡತಿ ಬರಬೇಕು. ನಾನು ಕರೆಯುವ ಮೊದಲೇ ಬಂದು ನಿಂತಿದ್ದಾಳೆ. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಅವಳದು. ಇಡೀ ದಿನ ಹಲ್ಲುನೋವಿನವರನ್ನು ಸಮಾಧಾನ ಮಾಡಿ ಮಾಡಿ ದನಿ ಮೆತ್ತಗಾಗಿದೆ, ಮನೆಗೆ ಬಂದ ಮೇಲೆ ಮಾತ್ರ ಅದು ಏರುತ್ತದೆ.

“ಅಕ್ಕಾ, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು,” ಎಂದಳು. “ಇವ್ರಿಗೆ ಬೇರೆ ಯಾರಾದ್ರೂ ಇದಾರಾ? ಬರೆಯೋರು ನೀವು, ನಿಮಗೆ ಗೊತ್ತಿರುತ್ತೆ.”

ನಾನು ತಬ್ಬಿಬ್ಬಾದೆ.

“ಮಂಚ ಬಿಟ್ಟು ಹಾಲಿಗೆ ಹೋಗಿ ತಿಂಗಳುಗಟ್ಟಲೆ ಆಯ್ತು. ಏನು ಅಂತ ಕೇಳಿದ್ರೆ ‘ಸೆಕೆ’ ಅಂತಾರೆ. ಚಳಿ ಬಂತು, ಈಗ್ಲೂ ಸೆಕೆ ಅಂತಾರೆ. ನಾನೇನು ಅಷ್ಟು ದಡ್ಡೀನಾ? ನನ್ನ ಪಕ್ಕ ಮಲಗೋದಕ್ಕೆ ಆಗ್ದಷ್ಟು ಬೇಜಾರಾಗಿದ್ರೆ ಬಾಯಿಬಿಟ್ಟು ಹೇಳ್ಲಿ.” ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡಳು. “ಊರಿಗೆಲ್ಲ ಹಾಸಿಗೆ ಮಾರ್ತಾರೆ. ನನ್ನ ಹಾಸಿಗೆ ಮಾತ್ರ ಅರ್ಧ ಖಾಲಿ.”

ಒಂದು ಅಕ್ರಮ ಸಂಬಂಧ ಸೇರಿಸಿಬಿಡೋಣವೇ ಎಂದು ಒಂದು ಗಳಿಗೆ ಆಸೆಯಾದದ್ದು ನಿಜ. ಓದುಗರು ನೆಟ್ಟಗೆ ಕೂರುತ್ತಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ಒಬ್ಬಾಕೆ ಇದ್ದಾಳೆ ಕೂಡ. ಆದರೆ ಎದುರಿಗೆ ಇವಳು ಕಣ್ಣು ತುಂಬಿಕೊಂಡು ನಿಂತಿದ್ದಳು, ನನಗೆ ಕೈ ಬರಲಿಲ್ಲ.

“ಯಾರೂ ಇಲ್ಲ ಕಣಮ್ಮ. ಅವನಿಗೆ ಬೆನ್ನುನೋವು. ನಿನಗೆ ಹೇಳೋಕೆ ನಾಚಿಕೆ.”

ಅವಳು ಕಣ್ಣೊರೆಸಿಕೊಂಡಳು. ಸಮಾಧಾನವಾಯಿತು ಎಂದು ನಾನು ಅಂದುಕೊಂಡೆ. ಎಲ್ಲಿಯ ಸಮಾಧಾನ! ಅವಳ ದನಿ ಏರಿತು.

“ಬೆನ್ನುನೋವಾ! ಅಷ್ಟಕ್ಕೆ ನನ್ನ ಇಷ್ಟು ದಿನ ಅಳಿಸಿದ್ರಾ ಈ ಮಹಾನುಭಾವ? ಇರಿ, ಮನೆಗೆ ಬರ್ಲಿ.”

7

ಮನೆಗೆ ಬಂದವನಿಗೆ ಏನಾಯಿತು ಎನ್ನುವುದನ್ನು ಬರೆಯುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಮೂಗು ತೂರಿಸಬಾರದು. ಬೈಗುಳ ಮುಗಿದ ಮೇಲೆ ಅವಳು ಒಂದು ಲೋಟ ತಣ್ಣೀರು ಕೊಟ್ಟಳು, ಒಂದು ಗುಟುಕು ಕುಡಿದದ್ದೇ ಅವನು ಹಲ್ಲು ಹಿಡಿದುಕೊಂಡು ಕಿರುಚಿದ ಎನ್ನುವುದಷ್ಟೇ ಕಥೆಗೆ ಬೇಕು. ಮಾರನೇ ದಿನ ಅವನನ್ನು ಎಳೆದುಕೊಂಡು ತನ್ನ ಕ್ಲಿನಿಕ್ಕಿಗೆ ಹೋದಳು.

ದಂತವೈದ್ಯರು ಪುಟ್ಟ ಕನ್ನಡಿ ಬಾಯಿಗಿಟ್ಟು ಬಹಳ ಹೊತ್ತು ನೋಡಿದರು.

“ನಿಂಬೆಹಣ್ಣು ಚೀಪೋ ಅಭ್ಯಾಸ ಇದೆಯಾ?”

ಇಲ್ಲ ಎಂದು ಬಾಯಿ ತೆರೆದುಕೊಂಡೇ ತಲೆಯಾಡಿಸಿದ.

“ಮತ್ತೆ ಮೇಲಿನ ಹಲ್ಲೆಲ್ಲ ಒಳಗಡೆಯಿಂದ ಸವೆದಿದೆಯಲ್ರೀ. ಹೊರಗಡೆ ಚೆನ್ನಾಗೇ ಇದೆ. ಹೊರಗಿನ ಹುಳಿ ಅಲ್ಲ ಇದು, ಕೆಳಗಿಂದ ಬರ್ತಿರೋದು. ಹೊಟ್ಟೆಯಿಂದ. ಊಟ ಆದ್ಮೇಲೆ ಎಷ್ಟೊತ್ತಿಗೆ ಮಲಗ್ತೀರಿ?”

“ತಕ್ಷಣ ಸಾರ್.”

“ತಕ್ಷಣ ಯಾಕ್ರೀ ಮಲಗ್ತೀರಿ?”

“ಡ್ಯೂಟಿ ಸಾರ್.”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಿಗೆ ಅರ್ಥವಾಗಲಿಲ್ಲ, ಅವಳು ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು. ಮಲಗಪ್ಪ ಒಬ್ಬನೇ ನಗದೆ, ತೆರೆದ ಬಾಯಿ ತೆರೆದುಕೊಂಡೇ ಕೂತಿದ್ದ.

ಅಲ್ಲಿಂದ ಹೊಟ್ಟೆ ಡಾಕ್ಟರು. ಅವರು ಗಂಟಲಿಗೆ ಕೊಳವೆ ಇಳಿಸಿ ನೋಡಿ ಹೌದೆಂದರು. ಎದೆಯುರಿ ಇಲ್ಲದೆಯೂ ಇದು ಬರುತ್ತದೆ, ನೋವು ಬೆನ್ನಿಗೂ ದವಡೆಗೂ ಕಿವಿಗೂ ಹೋಗುವುದುಂಟು, ಬಹಳ ಜನ ನಿಮ್ಮ ಹಾಗೇ ಊರೆಲ್ಲ ಸುತ್ತಿ ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ ಎಂದರು. ನೋವಿನ ಮಾತ್ರೆ ನಿಲ್ಲಿಸಿ ಬೇರೆ ಮಾತ್ರೆ ಬರೆದರು. ಊಟವಾದ ಮೇಲೆ ಮೂರು ಗಂಟೆ ಮಲಗಕೂಡದು. ಮಂಚದ ತಲೆಯ ಕಡೆ ಅರ್ಧ ಅಡಿ ಎತ್ತರಿಸಬೇಕು.

“ದಿಂಬು ಇಟ್ಕೊಂಡ್ರೆ?” ಎಂದು ಹೆಂಡತಿ ಕೇಳಿದಳು.

“ದಿಂಬಿಟ್ರೆ ಹೊಟ್ಟೆ ಹತ್ರ ಮಡಚ್ಕೊಳ್ಳುತ್ತೆ, ಇನ್ನೂ ಕಷ್ಟ. ಇಡೀ ಮಂಚ ಇಳಿಜಾರಾಗ್ಬೇಕು.”

ಇಳಿಜಾರು ಎಂಬ ಶಬ್ದ ಕೇಳಿ ಮಲಗಪ್ಪನಿಗಾದ ನೋವು ಬೆನ್ನಿನದಲ್ಲ. ಇಷ್ಟು ವರ್ಷ ರಸಮಟ್ಟ ಹಿಡಿದು ಸಾವಿರಾರು ಜನರಿಗೆ ಹೇಳಿದ್ದೆಲ್ಲ ಅವನ ಕಣ್ಣೆದುರು ಬಂದು ಸಾಲಾಗಿ ನಿಂತಿತು.

8

ಇಟ್ಟಿಗೆ ತಂದವಳು ಹೆಂಡತಿ. ಹಿಂದಿನ ಬೀದಿಯಲ್ಲಿ ಮನೆ ಕಟ್ಟುತ್ತಿದ್ದರು, ಮೇಸ್ತ್ರಿಯನ್ನು ಕೇಳಿ ಚೀಲದಲ್ಲಿ ಹೊತ್ತು ತಂದಳು. ಪ್ಲೈವುಡ್ ಕಿತ್ತು ಹೊರಗಿಟ್ಟಳು. ತಲೆಯ ಕಡೆಯ ಒಂದೊಂದು ಕಾಲಿಗೂ ಎರಡೆರಡು ಇಟ್ಟಿಗೆ. ಮಂಚ ಎತ್ತಿ ಹಿಡಿಯುವುದಕ್ಕೆ ನನ್ನನ್ನೇ ಕರೆದಳು, ಹೋದೆ. (ಲೇಖಕರು ಪಾತ್ರಗಳ ಮನೆಯ ಮಂಚ ಎತ್ತಬಾರದು ಎಂದು ಎಲ್ಲೂ ಬರೆದಿಲ್ಲ. ಮಂಚ ಭಾರವಿತ್ತು.)

ಸಂಜೆ ಮಲಗಪ್ಪ ಬಂದ. ಕೋಣೆಯ ಬಾಗಿಲಲ್ಲೇ ನಿಂತ.

“ಏನೇ ಇದು?”

“ಮಂಚ.”

“ನನ್ನ ಮನೇಲಿ ಇಳಿಜಾರು ಮಂಚಾನಾ? ಯಾರಾದ್ರೂ ನೋಡಿದ್ರೆ ಏನಂತಾರೆ? ರಸಮಟ್ಟ ಇಟ್ರೆ ಗುಳ್ಳೆ ಮೂಲೆಗೋಗಿ ಕೂತ್ಕೊಳ್ಳುತ್ತೆ!”

“ನಮ್ಮ ಬೆಡ್‌ರೂಮಿಗೆ ಯಾರ್ರೀ ಬರ್ತಾರೆ ನೋಡೋಕೆ?” ಎಂದಳು. “ಗುಳ್ಳೆ ಎಲ್ಲಾದ್ರೂ ಕೂತ್ಕೊಳ್ಳಲಿ. ನೀವು ಇಲ್ಲಿ ಮಲಗಿ. ನಂಗೆ ಮಟ್ಟಸ ಗಿಟ್ಟಸ ಏನೂ ಬೇಡ. ನೀವಿಲ್ದೆ ಈ ಮಂಚದ ಮೇಲೆ ನಂಗೆ ನಿದ್ದೆ ಬಂದಿಲ್ಲ ಇಷ್ಟು ದಿನ. ಅದು ಗೊತ್ತಾ ನಿಮಗೆ?”

ಅವನು ಹೋಗಿ ಹಾಲಿನಿಂದ ತನ್ನ ಹೊದಿಕೆ ಎತ್ತಿಕೊಂಡು ಬಂದ.

ಬೆಳಿಗ್ಗೆ ಏಳುವ ಹೊತ್ತಿಗೆ ಇಬ್ಬರೂ ಜಾರಿ ಜಾರಿ ಮಂಚದ ಕಾಲ್ದೆಸೆಗೆ ಬಂದು ಮುದ್ದೆಯಾಗಿದ್ದರು. ಅವಳ ಕಾಲು ಮಂಚದಿಂದಾಚೆ ಚಾಚಿತ್ತು, ಹೊದಿಕೆ ನೆಲದ ಮೇಲಿತ್ತು. ಅವನು ಬೆನ್ನು ಮುಟ್ಟಿ ನೋಡಿಕೊಂಡ. ಆ ಹೆಬ್ಬೆರಳು ಇರಲಿಲ್ಲ. “ನೋವಿಲ್ಲ ಕಣೇ,” ಎಂದ. ಅವಳಿಗೆ ಖುಷಿಯಾಯಿತು, ಅಳುವೂ ಬಂತು. ಎದ್ದು ಹೋಗಿ ಕಾಫಿಗಿಟ್ಟಳು.

ಇಲ್ಲಿಗೆ ಮುಗಿಸಬಹುದಿತ್ತು. ನನಗೂ ಸುಸ್ತಾಗಿದೆ. ಆದರೆ ಮಲಗಪ್ಪನಿಗೆ ಅಂಗಡಿ ಇದೆ, ಅಂಗಡಿಯಲ್ಲಿ ಮಧ್ಯಾಹ್ನ ಇದೆ.

9

“ಊಟ ಆದ್ಮೇಲೆ ಮೂರು ಗಂಟೆ ಮಲಗಬಾರದಂತೆ ಯಜಮಾನ್ರೇ,” ಎಂದು ಅವನು ಹೇಳಿಯೇಬಿಟ್ಟ.

“ಅದೇ ಅಲ್ವೇನಯ್ಯಾ ನಿನ್ನ ಕೆಲ್ಸ!” ಎಂದರು ಯಜಮಾನರು.

ಊಟಕ್ಕೆ ಮೊದಲು ಮಲಗಲಿ ಎಂದು ಓದುಗರಲ್ಲಿ ಜಾಣರೊಬ್ಬರು ಆಗಿನಿಂದ ಕೈಯೆತ್ತಿಕೊಂಡು ಕೂತಿದ್ದಾರೆ. ಅವನೂ ಅದನ್ನು ಮಾಡಿ ನೋಡಿದ. ಹಸಿದ ಹೊಟ್ಟೆಗೆ ನಿದ್ದೆ ಬರಲಿಲ್ಲ. ಶೋಕೇಸಿನ ಮಂಚಕ್ಕೂ ಇಟ್ಟಿಗೆ ಇಡೋಣ ಎಂದ. ಗಿರಾಕಿಗಳು ಅಂಗಡಿಯ ನೆಲ ಕುಸಿದಿದೆ ಅಂದುಕೊಳ್ಳುತ್ತಾರೆ ಎಂದರು ಯಜಮಾನರು. ಅವರು ಕೆಟ್ಟವರೇನಲ್ಲ, ಅಂಗಡಿಯವರು.

“ನೋಡು, ಗುರುವಾರ ಆ ಲೇಡೀಸ್ ಹಾಸ್ಟೆಲ್ ವಾರ್ಡನ್ ಬರ್ತಿದಾರೆ. ಎರಡು ಫ್ಲೋರಿಗೆ ಪೂರ್ತಿ ಹಾಸಿಗೆ ಬೇಕಂತೆ. ನೀನು ಮಲಗೋದನ್ನ ನೋಡಿ ತೀರ್ಮಾನ ಮಾಡ್ತೀನಿ ಅಂದಿದಾರೆ. ನಿದ್ದೆ ಬರದಿದ್ರೆ ಬಿಡು, ಸುಮ್ನೆ ಕಣ್ಮುಚ್ಚಿ ಮಲ್ಕೋ. ಯಾರಿಗೆ ಗೊತ್ತಾಗುತ್ತೆ? ಅದೂ ಆಗಲ್ಲ ಅಂದ್ರೆ,” ಯಜಮಾನರು ಬೀದಿ ಕಡೆ ನೋಡಿದರು, “ನಾನು ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ.”

ಅಂದರೆ ಮೂರೇ ದಾರಿ. ಊಟ ಮಾಡಿ ಮಲಗಿ, ನೋವು ತಿನ್ನುತ್ತ ಮುಖ ಕಿವುಚದೆ ಇರಬೇಕು. ಹಸಿದುಕೊಂಡು ಮಲಗಿ ನಿದ್ದೆ ಬಂದವನಂತೆ ನಟಿಸಬೇಕು. ಎರಡೂ ಆಗದಿದ್ದರೆ ಮನೆಗೆ ಹೋಗಬೇಕು.

“ಮೇಡಂ, ಏನಾದ್ರೂ ಮಾಡಿ,” ಎಂದ ಮಲಗಪ್ಪ. ಮೊದಲ ಸಲ ಅವನು ನನ್ನನ್ನು ಬೇಡಿದ್ದು.

10

ನಾನು ಮಾಡಿದೆ. ಒಂದಲ್ಲ, ಎರಡು ಅಂತ್ಯ ಬರೆದುಕೊಟ್ಟೆ.

ಮೊದಲನೆಯದರಲ್ಲಿ ಯಜಮಾನರಿಗೂ ಕಿವಿನೋವು. ಇವನೇ ಅವರನ್ನು ಹೊಟ್ಟೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ, ಯಜಮಾನರು ಇವನ ಕೈ ಹಿಡಿದು ಕಣ್ಣೀರಿಡುತ್ತಾರೆ.

“ನಮ್ಮ ಯಜಮಾನ್ರು ಕಲ್ಲು ತಿಂದು ಕಲ್ಲು ಕರಗಿಸ್ಕೊಳ್ತಾರೆ,” ಎಂದ ಮಲಗಪ್ಪ. “ಯಾರೂ ನಂಬಲ್ಲ.”

ಎರಡನೆಯದರಲ್ಲಿ ಇಳಿಜಾರು ಮಂಚ ಫ್ಯಾಷನ್ ಆಗುತ್ತದೆ. ಊರೆಲ್ಲ ಇಳಿಜಾರಲ್ಲಿ ಮಲಗುತ್ತದೆ. ಮಲಗಪ್ಪ ಸ್ವಂತ ಅಂಗಡಿ ಇಡುತ್ತಾನೆ, ಉದ್ಘಾಟನೆಗೆ ರಿಬ್ಬನ್ ಕತ್ತರಿಸುವುದು ದಂತವೈದ್ಯರು.

“ಅಕ್ಕಾ, ನೀವು ಸಾಯಿಸೋದೇ ವಾಸಿ,” ಎಂದಳು ಅವನ ಹೆಂಡತಿ.

ಇಬ್ಬರೂ ಸೇರಿ ನಾನು ಟೈಪ್ ಮಾಡಿಕೊಟ್ಟ ಕಾಗದಗಳನ್ನು ಹಿಂದಕ್ಕೆ ಕೊಟ್ಟರು. ಸಿಟ್ಟು ಬಂತು. ಇಷ್ಟು ಬರೆದು ಹಾಕಿದರೂ ಉಪಕಾರಸ್ಮರಣೆ ಎನ್ನುವುದು ಬೇಡವೇ? ಹಾಗಾದರೆ ನೀನೇ ನೋಡಿಕೋ, ಗುರುವಾರ ಏನು ಮಾಡುತ್ತೀಯೋ ಮಾಡು, ನಾನು ಬರೆದುಕೊಳ್ಳುತ್ತೇನೆ ಅಷ್ಟೇ ಎಂದೆ. ಸರಿ ಎಂದ.

11

ಗುರುವಾರ ಯಜಮಾನರೇ ಊಟ ತರಿಸಿದ್ದರು. ಮಲಗಪ್ಪನ ಮುಂದೆ ತಟ್ಟೆ ಇಟ್ಟು ಎದುರಿಗೇ ಕೂತರು. ಅವನು ಉಂಡ. ತಟ್ಟೆ ತೊಳೆದಿಟ್ಟ, ಕನ್ನಡಿಯಲ್ಲಿ ತಲೆ ಬಾಚಿಕೊಂಡ. ಏನು ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ನಾನು ಉಗುರು ಕಚ್ಚುತ್ತ ನೋಡುತ್ತಿದ್ದೆ.

ವಾರ್ಡನ್ ಬಂದರು. ಗಟ್ಟಿ ಹೆಂಗಸು. ಸೊಂಟದಲ್ಲಿ ಬೀಗದ ಕೈಗೊಂಚಲು, ಕಣ್ಣ ಕೆಳಗೆ ಕಪ್ಪು. ಬರುತ್ತಲೇ ಫೋನಿನಲ್ಲಿ ಯಾರಿಗೋ, “ಬಾತ್‌ರೂಮಿನ ನಲ್ಲಿ ಮುರಿದಿದ್ದು ನೀನೇ ಅಂತ ಗೊತ್ತು, ಸುಮ್ನೆ ಒಪ್ಕೋ,” ಎಂದು ಗದರಿಸಿ ಫೋನಿಟ್ಟರು. ಶೋಕೇಸಿನ ಮಂಚದ ಹತ್ತಿರ ಬಂದು ನಿಂತರು.

“ಹೂಂ. ಮಲಗಿ ತೋರ್ಸಿ.”

ಯಜಮಾನರು ಮಲಗಪ್ಪನಿಗೆ ಕಣ್ಸನ್ನೆ ಮಾಡಿದರು. ಮಲಗಪ್ಪ ಒಂದು ಷೂ ಬಿಚ್ಚಿದ. ಇನ್ನೊಂದಕ್ಕೆ ಬಗ್ಗಿದವನು ಹಾಗೇ ನಿಂತ.

“ಅಮ್ಮಾ, ನಾನು ಈಗ್ತಾನೇ ಊಟ ಮಾಡಿದೀನಿ. ಈಗ ಮಲಗಿದ್ರೆ ನಂಗೆ ಬೆನ್ನು ನೋಯುತ್ತೆ. ಹಾಸಿಗೆ ತಪ್ಪಲ್ಲ, ನನ್ನ ಹೊಟ್ಟೆ ತಪ್ಪು. ಹಾಸಿಗೆ ಬಹಳ ಚೆನ್ನಾಗಿದೆ.”

ಯಜಮಾನರ ಮುಖ ನೋಡುವ ಹಾಗಿರಲಿಲ್ಲ.

“ಮತ್ತೆ ಗಾಜಿನ ಮೇಲೆ ಏನೋ ಬರ್ಸಿದೀರಲ್ಲ, ನಟಿಸ್ತಿಲ್ಲ ಅಂತ?” ಎಂದರು ವಾರ್ಡನ್.

“ಅದು ನಿಜ ಅಮ್ಮಾ. ಅದಕ್ಕೇ ಮಲಗ್ತಿಲ್ಲ.” ಅವನು ಪಕ್ಕಕ್ಕೆ ಸರಿದು ಮಂಚ ತೋರಿಸಿದ. “ಹಾಸಿಗೆ ಬೇಕಾಗಿರೋದು ನಿಮಗೆ. ನೀವೇ ಒಂದ್ಸಲ ಮಲಗಿ ನೋಡಿ.”

“ಬೀದಿ ಜನದ ಎದುರಿಗೆ ನಾನು ಮಲಗ್ಬೇಕಾ? ಚೆನ್ನಾಗಿದೆ!”

ಎಂದವರು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಕೂತರು. ಕೂತು, ಬಹಳ ಹೊತ್ತಿನಿಂದ ನಿಂತೇ ಇದ್ದವರಂತೆ ಒಂದು ಉಸಿರು ಬಿಟ್ಟರು. “ಒಂದೇ ನಿಮಿಷ,” ಎಂದು ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು, ಕೈಗೊಂಚಲನ್ನು ಪಕ್ಕಕ್ಕಿಟ್ಟು ಒರಗಿದರು. ಹಾಸಿಗೆಯ ಒಳಗಿನ ಹತ್ತಿಯ ಬಗ್ಗೆ ಏನೋ ಕೇಳಲು ಶುರುಮಾಡಿದರು. ಪ್ರಶ್ನೆ ಅರ್ಧಕ್ಕೇ ನಿಂತಿತು.

ನಿದ್ದೆ ಹೋಗಿದ್ದರು.

12

ಗಾಜಿನಾಚೆ ಬೀಗದ ಕೈಯವನು ಬಂದು ಇಣುಕಿದ. ಅವನ ಹಿಂದೆ ಇಬ್ಬರು ನಿಂತರು. ಮಲಗಪ್ಪ ಕಪಾಟಿನಿಂದ ಎರಡು ದೊಡ್ಡ ಬೆಡ್‌ಶೀಟ್ ತೆಗೆದ. ಒಂದನ್ನು ವಾರ್ಡನ್ ಕಾಲಿಗೆ ಹೊದಿಸಿದ, ಇನ್ನೊಂದನ್ನು ಶೋಕೇಸಿನ ಗಾಜಿಗೆ ಅಡ್ಡ ಕಟ್ಟಿದ. ಬೀದಿ ಕಾಣದಾಯಿತು. ಒಂದೇ ಷೂನಲ್ಲಿ ಕುಂಟುತ್ತ ಹೋಗಿ ಕುರ್ಚಿ ತಂದು ಮಂಚದ ಪಕ್ಕ ನೆಟ್ಟಗೆ ಕೂತ.

“ಎಬ್ಸೋ,” ಎಂದು ಯಜಮಾನರು ಪಿಸುಗುಟ್ಟಿದರು. “ಆರ್ಡರ್ ಕೊಡ್ತಾರೋ ಇಲ್ವೋ ಕೇಳ್ಬೇಕು. ನಿನ್ನ ವಿಷಯ ಆಮೇಲೆ ನೋಡ್ಕೋತೀನಿ.”

ಮಲಗಪ್ಪ ಆಗಲ್ಲ ಎಂದು ತಲೆಯಾಡಿಸಿದ. ಯಜಮಾನರು ತಾವೇ ಕೈ ಮುಂದೆ ಮಾಡಿದರು. ಮಲಗಪ್ಪ ಆ ಕೈಯನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದ. ಯಜಮಾನರ ಕೈಯನ್ನು ಅವನು ಹಾಗೆ ಮುಟ್ಟಿದ್ದು ಅದೇ ಮೊದಲು. ಯಜಮಾನರು ಹೋಗಿ ಗಲ್ಲಾಪೆಟ್ಟಿಗೆ ಹಿಂದೆ ಕೂತರು.

ವಾರ್ಡನ್ ಬಾಯಿ ಸ್ವಲ್ಪ ತೆರೆದಿತ್ತು. ಹುಬ್ಬು ಸಡಿಲವಾಗಿತ್ತು. ಮಲಗಪ್ಪ ನೋಡುತ್ತ ಕೂತ. ಇಷ್ಟು ವರ್ಷ ತಾನು ಮಾರುತ್ತಿದ್ದದ್ದು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಅವನು ನೋಡಿದವನೇ ಅಲ್ಲ. ಮಾರುವಾಗೆಲ್ಲ ಅವನೇ ನಿದ್ದೆಯಲ್ಲಿರುತ್ತಿದ್ದ. ಅವನ ಕಣ್ಣು ಒದ್ದೆಯಾಯಿತು.

ನಾನು ಈಗ ಏನು ಮಾಡಲಿ ಓದುಗರೇ? ಆಕೆ ಏಳಬೇಕು, ಎದ್ದು ಹೂಂ ಅನ್ನಬೇಕು ಅಥವಾ ಊಹೂಂ ಅನ್ನಬೇಕು. ಇವನ ಕೆಲಸ ಉಳಿಯಬೇಕು ಅಥವಾ ಹೋಗಬೇಕು. ಅದು ಗೊತ್ತಾಗದೆ ಕಥೆ ಮುಗಿಸುವಂತಿಲ್ಲ, ಆಕೆ ಏಳದೆ ಅದು ಗೊತ್ತಾಗುವಂತಿಲ್ಲ. ಒಂದು ವಾಕ್ಯ ಬರೆದರೆ ಸಾಕು, ಎದ್ದು ಕೂರುತ್ತಾರೆ. ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು ಎಂದು ಬರೆಯುತ್ತೇನೆ. ಬರೆಯಲು ಶುರುವೂ ಮಾಡಿದೆ. ಬೀದಿಯಲ್ಲಿ ಲಾ

“ಮೇಡಂ,” ಎಂದ ಮಲಗಪ್ಪ, ತುಟಿಯ ಮೇಲೆ ಬೆರಳಿಟ್ಟು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. “ಟೈಪ್ ಮಾಡೋದು ನಿಲ್ಸಿ. ಸದ್ದಾಗ್ತಿದೆ.”